ಓದುಗರೊಡನೆ: ಸಾರಣೆ-ಕಾರಣೆಯ ನಂತರದ ಹಬ್ಬ

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಏಳು ಒಂದೇ ವಿಷಯದ ಸುತ್ತ ಇವೆ. ತಾವು ವಾಸಿಸುವ ಬೀದಿಯನ್ನೋ ಬಡಾವಣೆಯನ್ನೋ ತಾವೇ ಮುಂದೆ ನಿಂತು ಸರಿಪಡಿಸಿಕೊಂಡವರು ಅದರ ಸಂತೋಷಕ್ಕೆ ಒಂದು ಹಬ್ಬ ಮಾಡಬೇಕೆಂದಿದ್ದಾರೆ, ಅಥವಾ ಈಗಾಗಲೇ ಮಾಡಿ ಕೈಸುಟ್ಟುಕೊಂಡಿದ್ದಾರೆ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತಳ್ಳಿ, ಈ ಸಂಚಿಕೆಯನ್ನು ಇವಕ್ಕೇ ಮೀಸಲಿಟ್ಟಿದ್ದೇನೆ. ಕೇಳಿದವರ ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇನೆ. ಕೆಲವು ಪತ್ರಗಳಲ್ಲಿ ನೆರೆಮನೆಯವರ ಮೇಲಿನ ದೂರುಗಳೂ ಇರುವುದರಿಂದ ಅದೇ ಕ್ಷೇಮ.

ಪ್ರಶ್ನೆ: ನಮ್ಮ ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿ ವರ್ಷಗಟ್ಟಲೆ ಕಸದ ಗುಂಡಿಯಾಗಿತ್ತು. ಎರಡು ವರ್ಷಗಳಿಂದ ಹದಿನಾಲ್ಕು ಮನೆಗಳ ಹೆಂಗಸರು ಸೇರಿ, ಅರ್ಜಿ ಕೊಟ್ಟು, ಕೈಯಿಂದ ದುಡ್ಡು ಹಾಕಿ, ಸರದಿಯ ಮೇಲೆ ಕಾವಲು ಕಾದು ಅದನ್ನು ಬಿಡಿಸಿಕೊಂಡಿದ್ದೇವೆ. ಈಗ ಅಲ್ಲಿ ಮಕ್ಕಳು ಆಡುತ್ತಾರೆ. ಮೊನ್ನೆ ಪಕ್ಕದ ಬೀದಿಯವರೊಬ್ಬರು "ಪಾಲಿಕೆಯವರು ಚೆನ್ನಾಗಿ ಮಾಡಿಸಿದ್ದಾರೆ" ಎಂದರು, ನಾವು ಸುಮ್ಮನೆ ನಕ್ಕೆವು. ಒಂದು ದಿನದ ಹಬ್ಬ ಮಾಡೋಣವೆಂದರೆ, "ಆ ದುಡ್ಡಿನಲ್ಲಿ ಇನ್ನೆರಡು ದೀಪ ಹಾಕಿಸಬಹುದಲ್ಲ" ಎಂದು ಮನೆಯ ಗಂಡಸರು ಕೇಳುತ್ತಾರೆ. ಹಬ್ಬ ದುಂದುವೆಚ್ಚವೇ? (ಒಬ್ಬ ಗೃಹಿಣಿ, ಶಿವಮೊಗ್ಗ)

ಉತ್ತರ: ದುಂದುವೆಚ್ಚವಾಗುವ ಹಬ್ಬಗಳೂ ಇವೆ, ಆಗದ ಹಬ್ಬಗಳೂ ಇವೆ, ಆ ದಿನ ನೀವು ಏನು ಮಾಡುತ್ತೀರಿ ಎಂಬುದರ ಮೇಲೆ ಅದು ತೀರ್ಮಾನವಾಗುತ್ತದೆ. ಗಂಡಸರ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಗಲ್ಲಿಯಲ್ಲಿ ಕತ್ತಲಿರುವಾಗ ಶಾಮಿಯಾನಕ್ಕೆ ಸರಣಿ ದೀಪ ಕಟ್ಟಿಸುವುದು ಯಾರಿಗೂ ಶೋಭೆಯಲ್ಲ. ಆದರೆ ಅವರ ಲೆಕ್ಕದಲ್ಲಿ ಒಂದು ಬಾಬ್ತು ಬಿಟ್ಟುಹೋಗಿದೆ. ಹಾಕಿಸಿದ ದೀಪ ಕೆಟ್ಟ ದಿನ ಪಾಲಿಕೆಗೆ ಫೋನ್ ಮಾಡುವವರು ಯಾರು? ಆ ಗಲ್ಲಿ ತಮ್ಮದೆಂದು ತಿಳಿದವರು ಮಾತ್ರ. ಹಾಗೆ ತಿಳಿದವರನ್ನು ಹದಿನಾಲ್ಕು ಮನೆಗಳಿಂದ ನಲವತ್ತು ಮನೆಗಳಿಗೆ ಏರಿಸುವ ಉಪಾಯಗಳಲ್ಲಿ ಹಬ್ಬವೂ ಒಂದು, ಅದರಲ್ಲೂ ನಮ್ಮ ಜನಕ್ಕೆ ಹಳೆಯ ಕಾಲದಿಂದ ಒಗ್ಗಿದ್ದು.

ನಮ್ಮ ಕಡೆ ಹಬ್ಬ ಬಂತೆಂದರೆ ಮೊದಲು ನಡೆಯುವುದು ಸಾರಣೆ-ಕಾರಣೆ. ನೆಲ ಸಾರಿಸಿ, ಗೋಡೆಗೆ ಸುಣ್ಣ, ಕೆಮ್ಮಣ್ಣು ಬಳಿದು, ಅಟ್ಟದ ಧೂಳು ಇಳಿಸಿದ ಮೇಲೆ ಹೋಳಿಗೆಯ ಮಾತು. ಶಿವಮೊಗ್ಗದಲ್ಲಿ ಎರಡು ವರ್ಷಕ್ಕೊಮ್ಮೆ, ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬರುವಾಗ ಗಮನಿಸಿ: ನೆಂಟರಿಷ್ಟರು ಬರುತ್ತಾರೆಂಬ ಒಂದೇ ಕಾರಣಕ್ಕೆ ವರ್ಷಗಟ್ಟಲೆ ಯಾರೂ ಕೈ ಹಾಕದಿದ್ದ ಕಾಂಪೌಂಡು ಬಣ್ಣ ಕಾಣುತ್ತದೆ, ಮುರಿದ ಮೆಟ್ಟಿಲು ಸರಿಯಾಗುತ್ತದೆ. ಹಬ್ಬದ ಖರ್ಚು ಬೇರೆ, ಮನೆ ರಿಪೇರಿಯ ಖರ್ಚು ಬೇರೆ ಎಂದು ನಮ್ಮ ಅಜ್ಜಿಯಂದಿರು ಎಂದೂ ಎಣಿಸಿದವರಲ್ಲ. ಸಾರಣೆ ಮಾಡದೆ ಹಬ್ಬಕ್ಕೆ ಒಲೆ ಹಚ್ಚಿದ ಸೊಸೆ ಅತ್ತೆಯಿಂದ ಮಾತು ಕೇಳಬೇಕಾಗುತ್ತಿತ್ತು. ಬೀದಿಯ ಹಬ್ಬಗಳಿಗೂ ಅಂಥ ಒಬ್ಬ ಅತ್ತೆ ಇರಬೇಕಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ನೀವಂತೂ ಎರಡು ವರ್ಷ ಸಾರಣೆ ಮಾಡಿದ್ದೀರಿ; ಹಬ್ಬದ ಹಕ್ಕು ನಿಮಗಿದೆ.

ಇನ್ನು ಪಕ್ಕದ ಬೀದಿಯವರ ಆ ಮಾತು. ಶಿವಮೊಗ್ಗ ನಗರವು 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ಮೇಲೆ ಇಲ್ಲಿನ ಹಲವು ಕನ್ಸರ್ವೆನ್ಸಿ ಗಲ್ಲಿಗಳನ್ನು ಸರಕಾರದ ಹಣದಲ್ಲಿಯೇ ಅಭಿವೃದ್ಧಿಪಡಿಸಿದ್ದರಿಂದ, ಅವರು ಹಾಗೆ ತಿಳಿದುಕೊಂಡದ್ದರಲ್ಲಿ ತಪ್ಪಿಲ್ಲ. ಆದರೆ ನೀವು ನಕ್ಕು ಸುಮ್ಮನಾದದ್ದು ಸರಿಯಲ್ಲ. ಸರಕಾರ ಮಾಡಿಸಿದ್ದೆಂದು ತಿಳಿದವನು ಅದನ್ನು ಸರಕಾರವೇ ನೋಡಿಕೊಳ್ಳಲಿ ಎನ್ನುತ್ತಾನೆ, ಮತ್ತು ಒಂದು ರಾತ್ರಿ ಕಟ್ಟಡ ಒಡೆದ ಮಣ್ಣನ್ನು ಅಲ್ಲಿಯೇ ತಂದು ಸುರಿಯುತ್ತಾನೆ. ಎದುರು ಮನೆಯ ಅಕ್ಕ ಬುಟ್ಟಿಯಲ್ಲಿ ಹೊತ್ತು ತೆಗೆದ ಜಾಗವಿದು ಎಂದು ಗೊತ್ತಿದ್ದವನಿಗೆ ಕೈ ಸ್ವಲ್ಪವಾದರೂ ಹಿಂಜರಿಯುತ್ತದೆ. ಆದ್ದರಿಂದ ನಿಮ್ಮ ಹಬ್ಬದ ಮುಖ್ಯ ಕಾರ್ಯಕ್ರಮ ಲೆಕ್ಕ ಒಪ್ಪಿಸುವುದೇ ಆಗಿರಲಿ. ಮಿಕ್ಕದ್ದೆಲ್ಲ ಅದರ ಸುತ್ತಲಿನ ಅಲಂಕಾರ. ಗ್ರಾಮ ಪಂಚಾಯಿತಿಗಳಲ್ಲಿ ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಜಮಾಬಂದಿ ನಡೆಯಬೇಕೆಂದು ನಿಯಮವಿದೆ. ಹಿಂದಿನ ವರ್ಷದ ಲೆಕ್ಕಪತ್ರಗಳನ್ನೂ ಆದ ಕಾಮಗಾರಿಗಳನ್ನೂ ಜನರ ಎದುರಿಗೆ ಪರಿಶೀಲನೆಗೆ ಇಡುವ ಪದ್ಧತಿ ಅದು. ನಗರದ ಗಲ್ಲಿಗೆ ಅಂಥದ್ದನ್ನು ಯಾರೂ ಕೊಟ್ಟಿಲ್ಲವಾದ್ದರಿಂದ ನೀವೇ ಕಟ್ಟಿಕೊಳ್ಳಿ.

ಬೆಳಿಗ್ಗೆ ಬಿಸಿಲೇರುವ ಮೊದಲು, ಗಲ್ಲಿಯ ಈ ತುದಿಯಿಂದ ಆ ತುದಿಯವರೆಗೆ, ಕೆಲಸ ಮಾಡಿದ ಹೆಂಗಸರೇ ಮುಂದಾಗಿ ಬಂದವರನ್ನು ನಡೆಸಿಕೊಂಡು ಹೋಗಲಿ. ಇಲ್ಲಿಂದ ಎಷ್ಟು ಟ್ರ್ಯಾಕ್ಟರ್ ಲೋಡು ತೆಗೆದೆವು, ಬಾಡಿಗೆ ಎಷ್ಟಾಯಿತು, ಎಷ್ಟು ಸಲ ಅರ್ಜಿ ಹಿಡಿದು ಅಲೆದೆವು, ಈ ಸಂಪಿಗೆ ಗಿಡವನ್ನು ದನ ತಿಂದಮೇಲೆ ಎರಡನೇ ಸಲ ಯಾರು ನೆಟ್ಟರು ಎಂಬುದನ್ನು ಆಯಾ ಜಾಗದಲ್ಲಿ ನಿಂತೇ ಹೇಳಲಿ. ಮೈಕಿನಲ್ಲಿ ಹೇಳಿದ್ದು ಮರೆತುಹೋಗುತ್ತದೆ. ಜಾಗದಲ್ಲಿ ನಿಂತು ಹೇಳಿದ್ದು ಆ ಜಾಗ ಕಂಡಾಗಲೆಲ್ಲ ನೆನಪಾಗುತ್ತದೆ. ನಡಿಗೆಯ ಕೊನೆಯಲ್ಲಿ ಎರಡು ಹಲಗೆಗಳನ್ನು ಇಡಿ. ಒಂದರಲ್ಲಿ ಜಮಾ-ಖರ್ಚು ರೂಪಾಯಿ ಸಮೇತ. ಇನ್ನೊಂದರಲ್ಲಿ ಆಗದೆ ಉಳಿದ ಕೆಲಸಗಳು, ಕೈಗೆತ್ತಿಕೊಂಡು ಸೋತದ್ದು, ದುಡ್ಡು ವ್ಯರ್ಥವಾದದ್ದು. ಎರಡನೆಯದನ್ನು ಬರೆಯಲು ಮನಸ್ಸು ಒಪ್ಪುವುದಿಲ್ಲವೆಂದು ಬಲ್ಲೆ. ಆದರೂ ಹೊಸಬರು ಕೆಲಸಕ್ಕೆ ಸೇರುವುದು ಆ ಹಲಗೆಯ ಮುಂದೆ ನಿಂತಾಗಲೇ. ಎಲ್ಲವೂ ಆಗಿಹೋಗಿದೆ ಎಂದರೆ ಅವರು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ.

ಬೆಂಗಳೂರಿನ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು ಪುನರುಜ್ಜೀವನಗೊಳಿಸಿದ ಮೇಲೆ ಅಲ್ಲಿನ ನಿವಾಸಿಗಳು ಕೆರೆಯಂಗಳದಲ್ಲಿಯೇ 'ಕೆರೆ ಹಬ್ಬ' ನಡೆಸಿಕೊಂಡು ಬಂದದ್ದನ್ನು ನೀವು ಕೇಳಿರಬಹುದು. ಕಲ್ಯಾಣ ಮಂಟಪ ಹಿಡಿಯದೆ ಕೆರೆಯ ದಡದಲ್ಲೇ ಮಾಡಿದ್ದು ಅದರ ಗುಟ್ಟು. ನೀವೂ ಗಲ್ಲಿ ಬಿಟ್ಟು ಬೇರೆಡೆಗೆ ಹೋಗಬೇಡಿ. ಮಕ್ಕಳಿಗೂ ಒಂದು ನಿಜವಾದ ಕೆಲಸ ಕೊಡಿ: ಹೂಕುಂಡದ ತಟ್ಟೆ, ಬಿಸುಟ ಟೈರು, ತೆಂಗಿನ ಚಿಪ್ಪು, ಹಿತ್ತಲಲ್ಲಿ ಬಿದ್ದ ಅಡಿಕೆ ಹಾಳೆಗಳಲ್ಲಿ ನಿಂತ ನೀರನ್ನು ಹುಡುಕಿ ಚೆಲ್ಲಿ ಬರಲಿ. ಡೆಂಗಿ ಹರಡುವ ಸೊಳ್ಳೆ ಇಂಥ ತಿಳಿನೀರಿನಲ್ಲಿಯೇ ಮೊಟ್ಟೆಯಿಟ್ಟು, ವಾರ ಹತ್ತು ದಿನದಲ್ಲಿ ಹಾರುವಷ್ಟು ಬೆಳೆಯುತ್ತದೆ. ಮಲೆನಾಡಿನಲ್ಲಿ ಹಾಳೆಯೊಂದೇ ಸಾಕು.

ಖರ್ಚಿಗೆ ನಾನು ಹಾಕುವ ಮಿತಿ ಇಷ್ಟು: ಆ ವರ್ಷ ಕೆಲಸಕ್ಕೆ ಖರ್ಚಾದ ಹಣದ ಹತ್ತರಲ್ಲಿ ಒಂದು ಪಾಲು ಹಬ್ಬಕ್ಕೆ, ಅದಕ್ಕಿಂತ ಹೆಚ್ಚಿಲ್ಲ. ಇದು ಯಾವ ಶಾಸ್ತ್ರವೂ ಅಲ್ಲ. ಆದರೆ ಈ ಲೆಕ್ಕ ಹಿಡಿದರೆ ದೊಡ್ಡ ಹಬ್ಬ ಬೇಕೆಂದವರು ಮೊದಲು ದೊಡ್ಡ ಕೆಲಸ ಮಾಡಬೇಕಾಗುತ್ತದೆ, ಗಂಡಸರ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮ ಬೀದಿಯವರೆಲ್ಲ ಸೇರಿ ಚರಂಡಿಯ ಹೂಳೆತ್ತಿ, ಮುಚ್ಚಿಹೋಗಿದ್ದ ಮೋರಿಯನ್ನು ಬಿಡಿಸಿದೆವು. ಉತ್ಸಾಹ ಆರುವ ಮೊದಲು ಮೇ ಕೊನೆಯಲ್ಲೇ ಹಬ್ಬ ಮಾಡಿಬಿಡೋಣವೆಂದು ಕೆಲವರ ಅಭಿಪ್ರಾಯ. ತಮ್ಮ ಸಲಹೆ? (ಓದುಗರು, ತೀರ್ಥಹಳ್ಳಿ)

ಉತ್ತರ: ಖಂಡಿತ ಬೇಡ. ಚರಂಡಿಯ ಕೆಲಸಕ್ಕೆ ಅಂಕ ಕೊಡುವುದು ಮಳೆ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಗಳು ಹೊಡೆದು ಹೋಗಲಿ. ಆಮೇಲೆ ಹಬ್ಬದ ಮಾತಾಡಿ. ಬೇಸಿಗೆಯಲ್ಲಿ ಅಚ್ಚುಕಟ್ಟಾಗಿ ಕಾಣುವ ಚರಂಡಿ ಜುಲೈನಲ್ಲಿ ಎಲ್ಲಿ ಕಟ್ಟಿಕೊಳ್ಳುತ್ತದೆ ಎಂಬುದು ಆಗಲೇ ತಿಳಿಯುತ್ತದೆ. ಬಹುತೇಕ ಸಲ ಅದು ಯಾರದೋ ಮನೆಯ ಮುಂದೆ, ಕಾರು ಹತ್ತಿಸುವುದಕ್ಕೆಂದು ಚರಂಡಿಯ ಮೇಲೆ ಹಾಕಿಕೊಂಡ ಕಾಂಕ್ರೀಟ್ ಇಳಿಜಾರಿನ ಅಡಿಯಲ್ಲಿ ಕಟ್ಟಿಕೊಂಡಿರುತ್ತದೆ. ಅಲ್ಲಿ ಹೂಳು ತೆಗೆಯಲು ಕೈ ಹೋಗುವುದಿಲ್ಲ, ತೆಗೆಸಿಕೊಳ್ಳಿ ಎನ್ನಲು ಬಾಯಿ ಬರುವುದಿಲ್ಲ. ನದಿ ತುಂಬಿದಾಗಂತೂ ಕಾಲುವೆಗಳ ನೀರು ಹೊರಹೋಗಲು ದಾರಿಯಿಲ್ಲದೆ ಹಿಂದಕ್ಕೆ ಒತ್ತುತ್ತದೆ. ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಬಳಿ ಹೊಳೆಯೊಳಗಿನ ಮಂಟಪ ಮುಳುಗಿತೆಂದರೆ ಜನ ತುಂಗೆ ತುಂಬಿತೆನ್ನುತ್ತಾರೆ. 2019ರ ಆಗಸ್ಟ್‌ನಲ್ಲಿ ಅಷ್ಟಕ್ಕೇ ನಿಲ್ಲದೆ ತಗ್ಗಿನ ಬಡಾವಣೆಗಳ ಮನೆಯೊಳಗೂ ನೀರು ಬಂದಿತ್ತು. ಅಂಥ ದಿನಗಳಲ್ಲಿ ನಿಮ್ಮ ಚರಂಡಿ ಏನು ಮಾಡಿತು ಎಂಬುದನ್ನು ಒಬ್ಬರು ದಿನಾಂಕ ಸಮೇತ ಬರೆದಿಟ್ಟುಕೊಳ್ಳಲಿ. ಹಬ್ಬದ ದಿನ ಓದಲು ಅದಕ್ಕಿಂತ ಒಳ್ಳೆಯ ವರದಿ ಬೇರೆ ಬೇಕಿಲ್ಲ.

ತಿಂಗಳ ಬಗ್ಗೆ ಹೇಳುವುದಾದರೆ, ದೀಪಾವಳಿ ಕಳೆದ ಮೊದಲ ಎರಡು ಭಾನುವಾರಗಳಲ್ಲಿ ಒಂದನ್ನು ಆರಿಸಿ. ನಿಮ್ಮ ಕಡೆ ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ-ಪಂಟಿಗೆಯವರು ದೀಪ ಆರದಂತೆ ಕಾಪಾಡಿಕೊಂಡು, ಹಾಡುತ್ತ, ಮನೆಮನೆಗೆ ಬರುತ್ತಾರೆ. ಕೊಟ್ಟ ಅಕ್ಕಿ, ಎಣ್ಣೆ, ಕಾಸುಗಳಿಂದ ಆಮೇಲೆ ಒಟ್ಟಿಗೆ ಕೂತು ಊಟ ಮಾಡುವ ರೂಢಿಯಿದೆ. ಬೀದಿಯ ಹಬ್ಬಕ್ಕೆ ವಂತಿಗೆ ಎತ್ತಲು ಅದಕ್ಕಿಂತ ಸಹಜವಾದ ಸಮಯ ಯಾವುದು? ಆದರೆ ಅಡಿಕೆ ಗೊನೆಯ ಕೊಯ್ಲು, ಸುಲಿತ ಜೋರಾಗಿರುವ ಮನೆಗಳವರನ್ನು ಕೇಳದೆ ದಿನ ಗೊತ್ತುಮಾಡಬೇಡಿ. ಅದು ತಪ್ಪಿದರೆ ಎಳ್ಳಮಾವಾಸ್ಯೆ ಜಾತ್ರೆ ಮುಗಿದ ಮೇಲೆ, ಮಕ್ಕಳ ಪರೀಕ್ಷೆಯ ಕಾವು ಏರುವ ಮೊದಲು ಇಟ್ಟುಕೊಳ್ಳಬಹುದು.

ಪ್ರಶ್ನೆ: ನಾವು ಯುವಕರು ಕಳೆದ ವರ್ಷ ಬಡಾವಣೆ ಹಬ್ಬ ಮಾಡಿದೆವು. ಉದ್ಘಾಟಕರು ಎರಡು ಗಂಟೆ ತಡವಾಗಿ ಬಂದರು, ಹನ್ನೊಂದು ಜನಕ್ಕೆ ಶಾಲು ಹೊದಿಸಿದೆವು, ಭಾಷಣ ಮುಗಿಯುವ ಹೊತ್ತಿಗೆ ಕುರ್ಚಿಗಳು ಖಾಲಿಯಾಗಿದ್ದವು. ಈ ವರ್ಷ ಜನಪ್ರತಿನಿಧಿಗಳನ್ನು ಕರೆಯದಿದ್ದರೆ ಮುಂದೆ ಬಡಾವಣೆಗೆ ತೊಂದರೆಯಾದೀತೆಂದು ಹಿರಿಯರು ಹೆದರಿಸುತ್ತಾರೆ. (ಪದವಿ ವಿದ್ಯಾರ್ಥಿ, ಶಿವಮೊಗ್ಗ)

ಉತ್ತರ: ಕರೆಯಿರಿ, ಆದರೆ ವೇದಿಕೆಯನ್ನೇ ಹಾಕಬೇಡಿ. ವೇದಿಕೆಯಿದ್ದರೆ ಅದರ ಮೇಲೆ ಕೂರುವವರು ಯಾರು, ಯಾರ ಹೆಸರು ಮೊದಲು ಎಂಬ ಜಗಳ ತಾನಾಗಿ ಹುಟ್ಟುತ್ತದೆ. ಜಮಖಾನದ ಮೇಲೆ ಎಲ್ಲರೂ ಕೂತರೆ ಹುಟ್ಟುವುದಿಲ್ಲ. ನಡಿಗೆ ಇಂತಿಷ್ಟು ಗಂಟೆಗೆ ಶುರುವಾಗುತ್ತದೆ, ಯಾರಿಗೂ ಕಾಯುವುದಿಲ್ಲ ಎಂದು ಆಹ್ವಾನದಲ್ಲಿಯೇ ವಿನಯದಿಂದ ಬರೆಯಿರಿ. ಜನಪ್ರತಿನಿಧಿಗಳು ಬಂದರೆ ಭಾಷಣದ ಬದಲು ಒಂದು ಪಾತ್ರ ಕೊಡಿ: ಆಗದೆ ಉಳಿದ ಕೆಲಸಗಳ ಹಲಗೆಯ ಮುಂದೆ ನಿಂತು, ಇವುಗಳಲ್ಲಿ ಯಾವುದು ತಮ್ಮಿಂದ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಹೇಳಲಿ. ಆಗುವುದಿಲ್ಲ ಎಂದು ನೇರವಾಗಿ ಹೇಳುವವರಿದ್ದರೆ ಅವರಿಗೆ ಶಾಲು ಹೊದಿಸಲು ನನ್ನ ಅಡ್ಡಿಯಿಲ್ಲ.

ಫ್ಲೆಕ್ಸ್ ಬಗ್ಗೆ ನೀವು ಕೇಳಿಲ್ಲವಾದರೂ ಹೇಳಿಬಿಡುತ್ತೇನೆ. ಕರ್ನಾಟಕ ಸರಕಾರವು 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳ ಜೊತೆಗೆ ಪ್ಲಾಸ್ಟಿಕ್ ಬ್ಯಾನರು, ಫ್ಲೆಕ್ಸುಗಳನ್ನೂ ನಿಷೇಧಿಸಿದೆ. ಸಾರ್ವಜನಿಕ ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ 1981ರ ಕಾಯ್ದೆಯೂ ಇದೆ. ಬೀದಿಯನ್ನು ಚೊಕ್ಕಟ ಮಾಡಿದ ಸಂಭ್ರಮವನ್ನು ಕೈಮುಗಿದು ನಿಂತ ಹತ್ತು ಮುಖಗಳ ಫ್ಲೆಕ್ಸ್ ಕಟ್ಟಿ ಸಾರುವುದಕ್ಕಿಂತ ದೊಡ್ಡ ವಿಡಂಬನೆ ಇರಲಾರದು. ಬಟ್ಟೆಯ ಮೇಲೆ ಬಡಾವಣೆಯ ಹುಡುಗಿಯೊಬ್ಬಳು ಕುಂಚದಿಂದ ಬರೆಯಲಿ, ಮುಂದಿನ ವರ್ಷವೂ ಬರುತ್ತದೆ.

ಆರ್ಕೆಸ್ಟ್ರಾಕ್ಕೆ ದುಡ್ಡು ಕೊಡುವುದೂ ಬೇಡ. ಹೆಗ್ಗೋಡಿನಂಥ ಪುಟ್ಟ ಊರಿನವರು 1949ರಲ್ಲಿ ತಾವೇ ನೀನಾಸಂ ಕಟ್ಟಿಕೊಂಡು ನಾಟಕ ಆಡಿದ ಜಿಲ್ಲೆಯಿದು. ನಿಮ್ಮ ಬಡಾವಣೆಯಲ್ಲಿ ಕೋಲಾಟ ಬಲ್ಲ ಅಜ್ಜಿ, ಡೊಳ್ಳು ಬಾರಿಸುವ ಹುಡುಗರು, ತಾಳಮದ್ದಳೆಯ ಹುಚ್ಚಿರುವ ಒಬ್ಬ ನಿವೃತ್ತ ಮೇಷ್ಟರು ಇದ್ದೇ ಇರುತ್ತಾರೆ. ಹುಡುಕಿ ನೋಡಿ.

ಪ್ರಶ್ನೆ: ಬೀದಿಯಲ್ಲಿಯೇ ಹಬ್ಬ ಮಾಡಲು ಯಾವ ಯಾವ ಅನುಮತಿ ಬೇಕು? ಕೇಳಿದಲ್ಲೆಲ್ಲ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. (ಬಡಾವಣೆ ಸಂಘದ ಕಾರ್ಯದರ್ಶಿ, ಸಾಗರ)

ಉತ್ತರ: ರಸ್ತೆಯ ಸಂಚಾರ ತಡೆಯುವುದಾದರೆ ನಗರಸಭೆಗೂ ಪೊಲೀಸ್ ಠಾಣೆಗೂ ಅರ್ಜಿ ಕೊಡಲೇಬೇಕು. ಆಂಬುಲೆನ್ಸ್ ಹೋಗುವಷ್ಟು ದಾರಿ ಬಿಟ್ಟೇ ಪೆಂಡಾಲ್ ಹಾಕುತ್ತೇವೆಂದು ಅರ್ಜಿಯಲ್ಲಿಯೇ ನಕ್ಷೆ ಬರೆದು ತೋರಿಸಿದರೆ ಅರ್ಧ ಪ್ರಶ್ನೆಗಳು ಅಲ್ಲಿಯೇ ಮುಗಿಯುತ್ತವೆ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಅದನ್ನು ಬಳಸುವಂತಿಲ್ಲ. ವಾಸದ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ಇಬ್ಬರು ಎದುರುಬದುರು ಕೂತು ಮಾತಾಡುವ ದನಿಯೇ ಹೆಚ್ಚುಕಡಿಮೆ 60ರಷ್ಟಿರುತ್ತದೆ ಎಂಬುದನ್ನು ನೆನೆದರೆ, ಡಿಜೆ ಪೆಟ್ಟಿಗೆಗೆ ಇಲ್ಲಿ ಎಷ್ಟು ಜಾಗವಿದೆ ಎಂದು ನೀವೇ ಅಂದಾಜು ಮಾಡಬಹುದು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ಒಳಗಿದ್ದರೆ ಧ್ವನಿವರ್ಧಕದ ಯೋಚನೆಯನ್ನೇ ಬಿಡಿ. ಸಣ್ಣ ಬೀದಿಗೆ ಗಟ್ಟಿ ಗಂಟಲಿನ ಒಬ್ಬರಿದ್ದರೆ ಸಾಕು.

ಕರೆಂಟಿಗೆ ಬೀದಿ ಕಂಬಕ್ಕೆ ಕೊಕ್ಕೆ ಹಾಕುವುದು ನಮ್ಮಲ್ಲಿ ಎಷ್ಟು ಸಾಮಾನ್ಯವೆಂದರೆ ಅದು ಕಳವು ಎಂದೇ ಯಾರಿಗೂ ಅನ್ನಿಸುವುದಿಲ್ಲ. 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಅದು ಅಪರಾಧ. ಒದ್ದೆ ನೆಲದ ಮೇಲೆ ಜೀವಕ್ಕೂ ಅಪಾಯ. ಮೆಸ್ಕಾಂನಲ್ಲಿ ತಾತ್ಕಾಲಿಕ ಸಂಪರ್ಕಕ್ಕೆ ಅರ್ಜಿ ಹಾಕಬಹುದು, ಅಥವಾ ಹಗಲಿನಲ್ಲಿಯೇ ಹಬ್ಬ ಮುಗಿಸಬಹುದು. ಎರಡನೆಯದು ನನ್ನ ಆಯ್ಕೆ.

ಹೆಚ್ಚಿನವರು ಮರೆಯುವ ಒಂದು ಸಂಗತಿ ಕಸದ್ದು. ಪರವಾನಗಿಯಿಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮವನ್ನು ಮಾಡುವವರು ಕನಿಷ್ಠ ಮೂರು ಕೆಲಸದ ದಿನಗಳ ಮೊದಲು ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಹುಟ್ಟುವ ಕಸವನ್ನು ಸ್ಥಳದಲ್ಲಿಯೇ ಬೇರ್ಪಡಿಸಿ ಒಪ್ಪಿಸಬೇಕು ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದ್ದವು. ಊಟಕ್ಕೆ ಬಾಳೆಯೆಲೆ, ಇಲ್ಲವೇ ಅಡಿಕೆ ಹಾಳೆಯ ತಟ್ಟೆ; ನೀರಿಗೆ ಬಾಡಿಗೆ ಪಾತ್ರೆಯವರಲ್ಲಿ ಸಿಗುವ ಸ್ಟೀಲ್ ಲೋಟ. ಕಾಗದದ ಲೋಟ ಒಳ್ಳೆಯದೆಂದು ತಿಳಿಯಬೇಡಿ, ಅದರ ಒಳಮೈಗೆ ಸಾಮಾನ್ಯವಾಗಿ ತೆಳುವಾದ ಪ್ಲಾಸ್ಟಿಕ್ ಪದರವಿರುತ್ತದೆ.

ಪ್ರಶ್ನೆ: ನಮ್ಮದು ಹಳೆಯ ಕಾರ್ಖಾನೆ ಊರು, ಒಂದೇ ಸಾಲಿನಲ್ಲಿ ಐದಾರು ಭಾಷೆ, ಎಲ್ಲ ಧರ್ಮದವರು ಇದ್ದೇವೆ. ಎಲ್ಲರೂ ಸೇರಿ ಆಟದ ಮೈದಾನ ಉಳಿಸಿಕೊಂಡೆವು. ಹಬ್ಬದ ಮಾತು ಬಂದದ್ದೇ ತಡ, ಯಾವ ದೇವರಿಗೆ ಪೂಜೆ, ಅಡುಗೆ ಯಾರದು, ಬಾಡಿಗೆ ಮನೆಯವರಿಂದ ವಂತಿಗೆ ತೆಗೆದುಕೊಳ್ಳಬೇಕೇ ಎಂದು ಜಗಳ ಶುರುವಾಗಿದೆ. (ನಿವೃತ್ತ ನೌಕರರು, ಭದ್ರಾವತಿ)

ಉತ್ತರ: 1918ರಲ್ಲಿ ಕಬ್ಬಿಣದ ಕಾರ್ಖಾನೆಗೆ ಅಡಿಪಾಯ ಬಿದ್ದಂದಿನಿಂದ ನಿಮ್ಮ ಊರು ಹೊರಗಿನಿಂದ ಬಂದವರಿಂದಲೇ ಬೆಳೆದದ್ದು, 1936ರಲ್ಲಿ ಕಾಗದದ ಕಾರ್ಖಾನೆ ಶುರುವಾದ ಮೇಲೆ ಇನ್ನಷ್ಟು. ಶಿಫ್ಟಿನಲ್ಲಿ ಒಂದೇ ಕುಲುಮೆಯ ಮುಂದೆ ನಿಂತವರಿಗೆ ಒಂದೇ ಪಂಕ್ತಿಯಲ್ಲಿ ಕೂರುವುದು ಕಷ್ಟವಾಗಬಾರದು. ಆದರೂ ಆಗುತ್ತದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಪೂಜೆಯ ವಿಚಾರ ಸುಲಭ. ಆ ಮೈದಾನವನ್ನು ಉಳಿಸಿದ್ದು ಎಲ್ಲ ದೇವರ ಒಕ್ಕಲುಗಳೂ ಸೇರಿ. ಆದ್ದರಿಂದ ಆ ದಿನ ಅಲ್ಲಿ ಯಾರ ಪೂಜೆಯೂ ಬೇಡ, ಅವರವರ ಮನೆಯಲ್ಲಿ ಅವರವರು ಮುಗಿಸಿ ಬರಲಿ. ಮೈದಾನದಲ್ಲಿ ಆಟವೇ ನಡೆಯಲಿ. ಅಡುಗೆಯ ವಿಚಾರ ಕಠಿಣ, ಏಕೆಂದರೆ ಯಾರು ಬೇಯಿಸಿದ್ದನ್ನು ಯಾರು ಉಣ್ಣುತ್ತಾರೆ ಎಂಬ ಪ್ರಶ್ನೆ ನಮ್ಮಲ್ಲಿ ರುಚಿಯ ಪ್ರಶ್ನೆಯಾಗಿ ಉಳಿದಿಲ್ಲ. ಒಂದು ಜಾತಿಯ ಅಡುಗೆಯವರನ್ನು ಕರೆಸಿ 'ಎಲ್ಲರಿಗೂ ನಡೆಯುತ್ತದೆ' ಎನ್ನುವ ರಾಜಿಯನ್ನು ನಾನು ಒಪ್ಪುವುದಿಲ್ಲ. ಅದು ಕೆಲವರ ಕೈಯಡುಗೆ ನಡೆಯುವುದಿಲ್ಲ ಎಂದು ಸಭೆಯಲ್ಲಿ ಒಪ್ಪಿಕೊಂಡಂತೆ. ಬದಲಿಗೆ ಒಂದು ದೊಡ್ಡ ಒಲೆ ಹೂಡಿ, ಮನೆಗೊಬ್ಬರಂತೆ ಹೆಚ್ಚುವುದಕ್ಕೆ, ರುಬ್ಬುವುದಕ್ಕೆ, ಬಡಿಸುವುದಕ್ಕೆ ಚೀಟಿ ಎತ್ತಿ ಹಂಚಿ. ಕೆಲಸವನ್ನು ಮುಯ್ಯಾಳಿನಂತೆ ಹಂಚಿಕೊಂಡರೆ ಯಾವ ಪಾತ್ರೆಯಲ್ಲಿ ಯಾರ ಕೈ ಆಡಿತು ಎಂದು ವಿಂಗಡಿಸಲು ಆಗುವುದಿಲ್ಲ. ಒಂದಿಬ್ಬರು ಊಟಕ್ಕೆ ಕೂರದೆ ಮಜ್ಜಿಗೆ ಕುಡಿದು ಹೋಗಬಹುದು. ಹೋಗಲಿ, ಬಲವಂತ ಬೇಡ. ಮುಂದಿನ ವರ್ಷವೂ ಕರೆಯಿರಿ. ಮಾಂಸದಡುಗೆಯ ಬಗ್ಗೆ ನನ್ನ ಸಲಹೆ ಕೇಳಿದರೆ, ಮೊದಲ ವರ್ಷ ಸಸ್ಯಾಹಾರ ಇಟ್ಟುಕೊಳ್ಳಿ, ಆದರೆ ಅದನ್ನು ಖರ್ಚಿನ ಕಾರಣಕ್ಕೆ ಎಂದು ಹೇಳಿ, ಶುದ್ಧಿಯ ಕಾರಣಕ್ಕೆ ಎಂದು ಹೇಳಬೇಡಿ.

ಬಾಡಿಗೆಯವರ ವಂತಿಗೆಯನ್ನು ಖಂಡಿತ ತೆಗೆದುಕೊಳ್ಳಿ, ಹತ್ತು ರೂಪಾಯಿಯಾದರೂ ಸರಿ. ವಂತಿಗೆ ಕೊಟ್ಟವನಿಗೆ ಲೆಕ್ಕ ಕೇಳುವ ಹಕ್ಕು ಬರುತ್ತದೆ, ಆ ಹಕ್ಕು ಅವರಿಗೆ ಬರಬೇಕು.

ಪ್ರಶ್ನೆ: ಹಬ್ಬದ ದಿನ ನಮ್ಮ ಬೀದಿಯ ಪೌರಕಾರ್ಮಿಕರನ್ನು ಸನ್ಮಾನಿಸಬೇಕೆಂದಿದ್ದೇವೆ. ಹೇಗೆ ಮಾಡಿದರೆ ಚೆನ್ನ? (ಶಿಕ್ಷಕಿ, ಶಿವಮೊಗ್ಗ)

ಉತ್ತರ: ಸೆಪ್ಟೆಂಬರ್ 23 ರಾಜ್ಯದಲ್ಲಿ ಪೌರಕಾರ್ಮಿಕರ ದಿನ; ಆ ದಿನ ಅವರಿಗೆ ಹಾರಗಳು ಸಾಕಷ್ಟು ಬೀಳುತ್ತವೆ. ನಿಮ್ಮ ಹಬ್ಬದಲ್ಲಿ ಅವರನ್ನು ಮೊದಲ ಪಂಕ್ತಿಯಲ್ಲಿ, ಮನೆಯವರ ಜೊತೆಗೇ ಕೂರಿಸಿ ಬಡಿಸಿ, ಮತ್ತು ಊಟದ ಎಲೆಯನ್ನು ಬೀದಿಯವರೇ ಎತ್ತಿ. ಸನ್ಮಾನಿಸಿ ಶಾಲು ಹೊದಿಸಿದ ಮೇಲೆ ಮರುದಿನ ಬೆಳಿಗ್ಗೆ ಅದೇ ಕೈಗಳಿಂದ ನಿಮ್ಮ ಹಬ್ಬದ ಎಂಜಲೆಲೆ ಬಳಿಸಿದರೆ ಆ ಶಾಲಿಗೆ ಅರ್ಥವಿಲ್ಲ. ಇನ್ನೊಂದು, ಈ ಬೀದಿಯಲ್ಲಿ ನಿಮಗೆ ಯಾವುದರಿಂದ ಹೆಚ್ಚು ತೊಂದರೆ ಎಂದು ಅವರನ್ನು ಕೇಳಿ, ಅವರ ಉತ್ತರವನ್ನು ಎಲ್ಲರೆದುರು ಓದಿಸಿ. ಒಡೆದ ಗಾಜನ್ನು ಹಸಿ ಕಸದ ಜೊತೆ ಸೇರಿಸುವವರ ಮನೆ ಯಾವುದೆಂದು ಅವರಿಗೆ ಗೊತ್ತಿರುತ್ತದೆ. ಅವರು ಹೆಸರು ಹೇಳುವುದಿಲ್ಲ, ಆದರೆ ಆ ಮನೆಯವರಿಗೆ ತಿಳಿಯುತ್ತದೆ.

ಪ್ರಶ್ನೆ: ಹಬ್ಬ ಆದ ವಾರಕ್ಕೆ ಎಲ್ಲರೂ ಮಾಯವಾಗುತ್ತಾರೆ. ವಾಟ್ಸಾಪ್ ಗುಂಪಿನಲ್ಲಿ ಶುಭೋದಯ ಬಿಟ್ಟರೆ ಬೇರೇನಿಲ್ಲ. ಕೆಲಸ ಮುಂದುವರಿಯುವಂತೆ ಮಾಡುವುದು ಹೇಗೆ? (ಓದುಗರು, ಹೊಸನಗರ ತಾಲ್ಲೂಕು)

ಉತ್ತರ: ಎಲ್ಲರೂ ಮುಂದುವರಿಯುವುದಿಲ್ಲ, ಮುಂದುವರಿಯಬೇಕಾಗಿಯೂ ಇಲ್ಲ. ನಾಲ್ಕೈದು ಜನ ಉಳಿದರೆ ಕೆಲಸ ನಡೆಯುತ್ತದೆ, ಆದರೆ ಅವರ ಕೈಯಲ್ಲಿ ಆಗದೆ ಉಳಿದ ಕೆಲಸಗಳ ಆ ಪಟ್ಟಿ ಇರಬೇಕು ಮತ್ತು ಅದನ್ನು ಎಲ್ಲಿಗೆ ಒಯ್ಯಬೇಕೆಂದು ಗೊತ್ತಿರಬೇಕು. ನಿಮ್ಮದು ಗ್ರಾಮ ಪಂಚಾಯಿತಿಯಾದ್ದರಿಂದ ದಾರಿ ಸ್ಪಷ್ಟವಾಗಿದೆ: ವಾರ್ಡ್ ಸಭೆಯೂ ಗ್ರಾಮಸಭೆಯೂ ಆರು ತಿಂಗಳಿಗೆ ಒಮ್ಮೆಯಾದರೂ ಸೇರಲೇಬೇಕು. ಊರಿಗೆ ಏನು ಬೇಕೆಂಬ ಪ್ರಸ್ತಾವಗಳು ಹೊರಡಬೇಕಾದದ್ದು ವಾರ್ಡ್ ಸಭೆಯಿಂದ. ಅಲ್ಲಿಗೆ ಸಾಮಾನ್ಯವಾಗಿ ಮನೆ ಮಂಜೂರಾತಿ ಬೇಕಾದವರಷ್ಟೇ ಬರುತ್ತಾರೆ. ನಿಮ್ಮ ಹಬ್ಬಕ್ಕೆ ಬಂದವರಲ್ಲಿ ಕಾಲುಭಾಗ ಜನ ಅಲ್ಲಿಗೆ ಹೋಗಿ ಕೂತರೂ ಆ ಸಭೆಯ ನಡಾವಳಿ ಬೇರೆಯಾಗುತ್ತದೆ. ಹಬ್ಬದ ದಿನವನ್ನು ಸಭೆಗೆ ಎರಡು ಮೂರು ವಾರ ಮೊದಲು ಇಟ್ಟುಕೊಳ್ಳಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ನಗರದ ಓದುಗರಿಗೂ ಇಲ್ಲಿಯೇ ಹೇಳುತ್ತೇನೆ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಾಗ, 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು 243ಎಸ್ ವಿಧಿಯಲ್ಲಿ ಸೇರಿತು. ಶಿವಮೊಗ್ಗದ ಜನಸಂಖ್ಯೆ 2011ರ ಜನಗಣತಿಯಲ್ಲಿಯೇ 3 ಲಕ್ಷ ದಾಟಿದೆ. ರಾಜ್ಯದ ಕಾಯ್ದೆಯಂತೆ ಸಮಿತಿಯ ಹತ್ತು ನಾಮನಿರ್ದೇಶಿತ ಸದಸ್ಯರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘಗಳ ಪ್ರತಿನಿಧಿಗಳು ಇರಬೇಕು. ಮೊದಲ ಪತ್ರ ಬರೆದ ಗೃಹಿಣಿ ಮತ್ತು ಅವರ ಗೆಳತಿಯರು ಗಮನಿಸಲಿ: ಗಲ್ಲಿಯನ್ನು ಬಿಡಿಸಿಕೊಂಡವರಿಗಿಂತ ಹೆಚ್ಚು ಅರ್ಹರು ಆ ಸ್ಥಾನಕ್ಕೆ ಯಾರೂ ಇಲ್ಲ. ಸಂಘವಾಗಿ ನೋಂದಾಯಿಸಿಕೊಳ್ಳಲು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸಾಕು, ಅವರು ಹದಿನಾಲ್ಕು ಮನೆಯವರಿದ್ದಾರೆ.

ಪಟ್ಟಿಯನ್ನು ವಾಟ್ಸಾಪಿನಲ್ಲಿ ಇಡಬೇಡಿ. ದಪ್ಪ ರಟ್ಟಿನ ಒಂದು ಲೆಕ್ಕದ ಪುಸ್ತಕ ಕೊಳ್ಳಿ. ಎಡಪುಟದಲ್ಲಿ ಕೆಲಸ, ಬಲಪುಟದಲ್ಲಿ ಯಾವ ದಿನ ಯಾರಿಗೆ ಅರ್ಜಿ ಕೊಟ್ಟಿರಿ, ಸ್ವೀಕೃತಿ ಸಂಖ್ಯೆ ಎಷ್ಟು ಎಂದು ಬರೆಯುತ್ತ ಹೋಗಿ. ಪುಸ್ತಕ ತಿಂಗಳಿಗೊಂದು ಮನೆಯಂತೆ ಸುತ್ತಲಿ, ಸ್ವೀಕೃತಿಯ ಮೂಲಪ್ರತಿಗಳು ಅದರೊಳಗೇ ಇರಲಿ. ಮುಂದಿನ ವರ್ಷ ಹಲಗೆ ಬರೆಯಲು ಕೂತಾಗ ಅದನ್ನೇ ತೆರೆದು ನಕಲು ಮಾಡಿಕೊಂಡರಾಯಿತು.